ಮಂಡ್ಯದ ಬಿಸಿಲು, ಮದ್ದೂರಿನ ನೆರಳು

ಮಂಡ್ಯದ ಸೀಮೆ ಎಂದೊಡನೆ ವಾಚಕರ ಕಣ್ಣೆದುರಿಗೆ ಬಂದು ನಿಲ್ಲುವುದು ನೀರು. ಕನ್ನಂಬಾಡಿಯ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಆಳೆತ್ತರದ ಕಬ್ಬು, ಬತ್ತದ ಪೈರು, ಇವೇ. ಅಂಥ ಸೀಮೆಗೆ ಬಿಸಿಲನ್ನು ನೋಡುವುದಕ್ಕಾಗಿ ಹೋದೆವೆಂದರೆ ನಗುವವರು ನಗಬಹುದು. ಆದರೂ ಕಳೆದ ವರ್ಷದ ಏಪ್ರಿಲ್ ತಿಂಗಳಿನಲ್ಲಿ ನಾವು ಮೈಸೂರಿನಿಂದ ಹೊರಟು ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಮೂರು ದಿನ ಸುತ್ತಿ ಬಂದದ್ದು ಬಿಸಿಲಿಗಾಗಿಯೇ.

ಕಾರಣವಿಷ್ಟೆ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನವರ ಮನೆ ಇರುವುದು. ಅವರ ಮಗ, ಎಂದರೆ ನಮ್ಮ ತಮ್ಮ, ಮನೆಯ ತಾರಸಿಯ ಮೇಲೆ ಬಿಸಿಲಿನಿಂದ ವಿದ್ಯುತ್ತನ್ನು ಮಾಡುವ ಫಲಕಗಳನ್ನು ಹಾಕಿಸಬೇಕೆಂದು ನಿಶ್ಚಯಿಸಿದ್ದನು. ಊರಿನವರು ಇದನ್ನು ಸೋಲಾರು ಎಂದೇ ಕರೆಯುತ್ತಾರೆ. ಹಾಕುವವರು ಬಂದು ಅಳತೆ ತೆಗೆದುಕೊಂಡು ಹೋಗಿಯೂ ಆಗಿತ್ತು. ದೊಡ್ಡಮ್ಮನವರು ಮಾತ್ರ ಕೂಡದು ಎಂದುಬಿಟ್ಟರಂತೆ. “ಅಣ್ಣ, ಅಮ್ಮ ಹಟ ಹಿಡಿದವ್ರೆ. ತೆಂಗಿನ ಮರ ಅಡ್ಡ ಬತ್ತದೆ ಅಂತಾರೆ. ಹಂಗಾದ್ರೆ ಮರ ಕಡಿಸೋಣ ಅಂದ್ರೆ ಅದಕ್ಕೂ ಒಲ್ಲೆ ಅಂತಾರೆ. ನೀವು ಬಂದು ಒಂದು ಮಾತು ಹೇಳಿ” ಎಂದು ತಮ್ಮನು ದೂರವಾಣಿಯಲ್ಲಿ ಕೇಳಿಕೊಂಡನು. ತಾಯಿಮಕ್ಕಳ ನಡುವೆ ಮಾತು ಹೇಳುವುದಕ್ಕೆ ಮುಂಚೆ ಆ ವಿಷಯವನ್ನು ತಾವಷ್ಟು ತಿಳಿದಿರಬೇಕಲ್ಲವೆ? ಆದುದರಿಂದ ಮೊದಲು ಮಂಡ್ಯದಲ್ಲಿರುವ ನಮ್ಮ ಅಕ್ಕನ ಮನೆಗೆ ಹೋದೆವು. ಅವರ ಮನೆಯ ಮೇಲೆ ಇಂಥ ಫಲಕಗಳನ್ನು ಹಾಕಿ ಒಂದು ವರ್ಷ ಕಳೆದಿತ್ತು.

ನಾವು ಮಂಡ್ಯವನ್ನು ತಲುಪಿದ್ದು ಏಪ್ರಿಲ್ 23ನೆಯ ತಾರೀಖು. ಬೇಕೆಂದೇ ಆ ದಿನವನ್ನು ಆರಿಸಿಕೊಂಡಿದ್ದೆವು. ಮಂಡ್ಯವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹನ್ನೆರಡೂವರೆ ಡಿಗ್ರಿಯ ಮೇಲಿದೆ. ಉತ್ತರಾಯಣದಲ್ಲಿ ಮೇಲೇರುತ್ತ ಬರುವ ಸೂರ್ಯನು ಈ ಊರಿನ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುವುದು ಏಪ್ರಿಲ್ 23ರ ಸುಮಾರಿನಲ್ಲಿ. ಹಿಂದಿರುಗುವಾಗ ಮತ್ತೊಮ್ಮೆ ಆಗಸ್ಟ್ ತಿಂಗಳ 19, 20ರ ಹೊತ್ತಿಗೆ. ಎರಡನೆಯದು ಮಖೆ ಮಳೆಯ ಕಾಲವಾದ್ದರಿಂದ ಅನೇಕ ವರ್ಷ ಮೋಡದ ಮರೆಯಲ್ಲಿಯೇ ಕಳೆದುಹೋಗುವುದು. ಅಕ್ಕನ ಮನೆಯ ತಾರಸಿಯ ಮೇಲೆ ಒಂದು ಹಿತ್ತಾಳೆಯ ಚೊಂಬನ್ನಿಟ್ಟು ಕಾದೆವು. ಹನ್ನೆರಡು ಗಂಟೆಗೆ ಚೊಂಬಿನ ಪಕ್ಕದಲ್ಲಿ ಇನ್ನೂ ಒಂದು ಎಳೆ ನೆರಳಿತ್ತು. ನಮ್ಮ ಗಡಿಯಾರಗಳು ನಡೆಯುವುದು ಮಂಡ್ಯಕ್ಕೆ ಬಹು ಪೂರ್ವದಲ್ಲಿರುವ ರೇಖೆಯ ಲೆಕ್ಕದಿಂದ. ಆದ್ದರಿಂದ ಇಲ್ಲಿ ನಿಜವಾದ ನಡುಹಗಲು ಆಗುವುದು ಹನ್ನೆರಡು ಗಂಟೆ ಇಪ್ಪತ್ತು ನಿಮಿಷದ ಹೊತ್ತಿಗೆ. ಆಗ ನೋಡಿದರೆ ಚೊಂಬಿನ ನೆರಳು ಚೊಂಬಿನ ಬುಡದಲ್ಲಿಯೇ ಅಡಗಿಹೋಗಿತ್ತು. ಅಕ್ಕನ ಮೊಮ್ಮಗಳು ತನ್ನ ನೆರಳನ್ನು ಹುಡುಕುತ್ತ ಗಿರಗಿರನೆ ತಿರುಗಿದಳು.

ಇಷ್ಟು ಉರಿಬಿಸಿಲಿಗೆ ಫಲಕಗಳು ತಮ್ಮ ಪೂರ್ಣಶಕ್ತಿಯನ್ನು ತೋರಿಸುತ್ತಿರಬೇಕೆಂದು ಕೆಳಗಿಳಿದು ಮೀಟರನ್ನು ನೋಡಿದೆವು. ಮೂರು ಕಿಲೋವಾಟಿನ ಫಲಕಗಳು ಎರಡು ಕಿಲೋವಾಟಿನ ಮೇಲೆ ಮೂರು ನಾಲ್ಕು ನೂರು ವಾಟು ಮಾತ್ರ ಕೊಡುತ್ತಿದ್ದವು! ಅಂಗಡಿಯವನು ಮೋಸ ಮಾಡಿದನೇ ಎಂಬ ಸಂದೇಹ ನಮಗೆ ಬಂದಂತೆ ಭಾವನವರಿಗೂ ಮೊದಲು ಬಂದಿತ್ತಂತೆ. ಮೋಸವೇನೂ ಇಲ್ಲ. ಫಲಕದ ಬೆನ್ನಿಗೆ ಅಂಟಿಸಿರುವ ಚೀಟಿಯಲ್ಲಿ ಬರೆದ ಶಕ್ತಿಯು ಫಲಕದ ಮೈ 25 ಡಿಗ್ರಿ ಸೆಲ್ಸಿಯಸಿನಷ್ಟು ತಣ್ಣಗಿರುವಾಗ ಅಳೆದದ್ದು. ಏಪ್ರಿಲಿನ ನಡುಹಗಲಲ್ಲಿ ಅದರ ಮೈ 60 ಡಿಗ್ರಿಯವರೆಗೂ ಕಾಯುವುದುಂಟು. ಏರಿದ ಒಂದೊಂದು ಡಿಗ್ರಿಗೂ ನೂರರಲ್ಲಿ ಸುಮಾರು 0.4 ಪಾಲು ಶಕ್ತಿ ಕುಂದುತ್ತದೆ. ಫಲಕಕ್ಕೆ ಬೇಕಾದುದು ಬೆಳಕೇ ಹೊರತು ಬೇಗೆಯಲ್ಲ. ಬೇಗೆಯು ಅದಕ್ಕೆ ನಮಗೆ ಹೇಗೋ ಹಾಗೆಯೇ ಆಯಾಸವನ್ನು ತರುವುದು.

ಇದನ್ನು ನಮಗೆ ಚೆನ್ನಾಗಿ ಮನದಟ್ಟು ಮಾಡಿಕೊಟ್ಟದ್ದು ಅಕ್ಕನ ಹಾಲಿನ ಲೆಕ್ಕದ ಪುಸ್ತಕ. ಅದರ ಹಿಂಭಾಗದ ಪುಟಗಳಲ್ಲಿ ಆಕೆ ದಿನದಿನವೂ ಎಷ್ಟು ಯೂನಿಟ್ಟು ಬಂದಿತೆಂದು ಬರೆದಿಟ್ಟಿದ್ದಾಳೆ. ಫೆಬ್ರವರಿ, ಮಾರ್ಚಿಯ ಪುಟಗಳಲ್ಲಿ ದಿನಕ್ಕೆ 14, 15 ಯೂನಿಟ್ಟು. ಆಕಾಶ ನಿರ್ಮಲ, ಗಾಳಿ ಇನ್ನೂ ತಂಪು, ಅದೇ ಸುಗ್ಗಿ. ಮೇ ತಿಂಗಳಿನಲ್ಲಿ ಸಂಜೆಯ ಮಳೆಮೋಡಗಳಿಂದ ಸ್ವಲ್ಪ ಇಳಿತ. ಜುಲೈಯಲ್ಲಿ ಒಂಬತ್ತು ಹತ್ತಕ್ಕೆ ಬಂದು, ಜಡಿಮಳೆಯ ದಿನ ನಾಲ್ಕೈದಕ್ಕೂ ಇಳಿದಿದೆ. ವರ್ಷಕ್ಕೆಲ್ಲ ಸರಾಸರಿ ತೆಗೆದರೆ ಒಂದು ಕಿಲೋವಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು, ವರ್ಷಕ್ಕೆ 1,400ಕ್ಕೆ ಕಡಿಮೆಯಿಲ್ಲ. ಒಂದು ಕಿಲೋವಾಟಿಗೆ ನೂರು ಚದರ ಅಡಿ ತಾರಸಿ ಬೇಕು. ಈ ಸೀಮೆಯ ಗೃಹಸ್ಥರು ಲೆಕ್ಕ ಹಾಕುವುದಕ್ಕೆ ಇಷ್ಟು ತಿಳಿದರೆ ಸಾಕು.

ಲಾಭವೆಷ್ಟು ಎಂಬ ಪ್ರಶ್ನೆಗೆ ಭಾವನವರು ಮುಚ್ಚುಮರೆಯಿಲ್ಲದೆ ಉತ್ತರ ಹೇಳಿದರು. ಮೂರು ಕಿಲೋವಾಟಿಗೆ ಎರಡು ಲಕ್ಷ ರೂಪಾಯಿಗಳ ಆಸುಪಾಸು ತಗುಲಿತು. 2024ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ದೊರೆಯಿತು. ಆದರೆ 2023ರಿಂದ ನಮ್ಮ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟಿನೊಳಗೆ ಬಳಸುವ ಮನೆಗಳಿಗೆ ಬಿಲ್ಲೇ ಇಲ್ಲವಷ್ಟೆ. ಅಂಥ ಮನೆಯವರು ಎರಡು ಲಕ್ಷವನ್ನು ತಾರಸಿಯ ಮೇಲೆ ಹರಡುವುದಕ್ಕೆ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಅಕ್ಕನ ಮನೆಯಲ್ಲಿ ಇಬ್ಬರು ಗಂಡುಮಕ್ಕಳ ಸಂಸಾರ ಕೂಡಿದೆ, ಹಿಟ್ಟಿನ ಗಿರಣಿಯೊಂದಿದೆ. ಅವರಿಗೆ ಅದು ಸಾರ್ಥಕವಾಗಿದೆ. ಅವರ ಕೊರತೆ ಬೇರೆಯದು. ನಾವಿದ್ದ ದಿನವೇ ಮಧ್ಯಾಹ್ನ ಬೀದಿಯ ವಿದ್ಯುತ್ತು ನಿಂತುಹೋಯಿತು. ಮೇಲೆ ಉರಿಯುವ ಬಿಸಿಲು, ತಾರಸಿಯ ತುಂಬ ಫಲಕ, ಒಳಗೆ ಬೀಸಣಿಗೆ ತಿರುಗದು! ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ನನಿಗೆ ಮನೆಗಳಿಂದ ಬರುವ ವಿದ್ಯುತ್ತು ತಗುಲಿ ಪ್ರಾಣಕ್ಕೆ ಅಪಾಯವಾಗಬಾರದೆಂದು, ಬೀದಿಯ ತಂತಿ ಸತ್ತೊಡನೆ ಈ ಯಂತ್ರವೂ ತಾನಾಗಿ ನಿಲ್ಲುವ ಹಾಗೆ ಮಾಡಿರುತ್ತಾರೆ. ಬ್ಯಾಟರಿಗಳನ್ನು ಇಡುವ ಬಗೆ ಬೇರೆ. ಅದಕ್ಕೆ ಖರ್ಚೂ ಬೇರೆ.

ಮರುದಿನ ಬೆಳಿಗ್ಗೆ ಮದ್ದೂರಿನ ಕಡೆಗೆ ಹೊರಟೆವು. 2023ರಲ್ಲಿ ಸಿದ್ಧವಾದ ಹೊಸ ಹೆದ್ದಾರಿಯು ಮದ್ದೂರನ್ನು ಪಕ್ಕಕ್ಕೆ ಬಿಟ್ಟು ಹೋಗುವುದರಿಂದ ನಾವು ಹಳೆಯ ರಸ್ತೆಯನ್ನೇ ಹಿಡಿದೆವು. ವಡೆಯ ಆಸೆಯೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇವೆ. ದಾರಿಯ ಬದಿಯಲ್ಲಿ ಒಂದು ಆಲೆಮನೆ. ಗಾಣದಲ್ಲಿ ಹಿಂಡಿದ ಕಬ್ಬಿನ ರಚ್ಚನ್ನು ಬಯಲಿನ ತುಂಬ ಹರಡಿ ಒಣಗಿಸಿದ್ದರು. ಒಣಗಿದ ರಚ್ಚೇ ಕೊಪ್ಪರಿಗೆಯ ಕೆಳಗಿನ ಸೌದೆ. ಕಬ್ಬು ಬೆಳೆದದ್ದು ಬಿಸಿಲಿನಿಂದ, ರಚ್ಚು ಒಣಗಿದ್ದು ಬಿಸಿಲಿನಿಂದ, ಬೆಲ್ಲ ಕುದಿದದ್ದು ಆ ಬಿಸಿಲಿನ ಉರಿಯಿಂದ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪಿತವಾಗುವುದಕ್ಕೆ ಎಷ್ಟೋ ಮುಂಚಿನಿಂದ ರೈತರು ಸೂರ್ಯನನ್ನು ಹೀಗೆ ದುಡಿಸಿಕೊಳ್ಳುತ್ತಿದ್ದಾರೆ. ಲೆಕ್ಕದಲ್ಲಿ ಪೈರು ಬಹಳ ಹಿಂದೆ. ಎಲೆಯ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ಪೈರು ಕೂಡಿಟ್ಟರೆ, ಈಗಿನ ಫಲಕವು ನೂರಕ್ಕೆ 20 ಪಾಲನ್ನು ವಿದ್ಯುತ್ತಾಗಿ ಮಾಡುತ್ತದೆ. ಆದರೇನು, ಫಲಕದಿಂದ ಅಚ್ಚುಬೆಲ್ಲ ಬರುವುದಿಲ್ಲ. ಆಲೆಮನೆಯ ಕೊಳವೆಯಿಂದ ಏಳುವ ಕರಿಯು ಹತ್ತಿರದ ಮನೆಗಳ ಫಲಕದ ಮೇಲೆ ಕೂರುವುದನ್ನೂ ಅಲ್ಲಿಯೇ ಕಂಡೆವು. ಇಂಥ ಕಡೆ ಹದಿನೈದು ದಿನಕ್ಕೊಮ್ಮೆಯಾದರೂ ತೊಳೆಯಬೇಕು. ತೊಳೆಯುವುದಾದರೆ ಬೆಳಗಿನ ತಂಪಿನಲ್ಲಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಕೊಳವೆಬಾವಿಯ ಗಡಸುನೀರು ಒಣಗಿ ಬಿಳಿಯ ಕಲೆ ಕಟ್ಟಿದರೆ ಧೂಳಿಗಿಂತ ಕೆಟ್ಟದ್ದು.

ದೊಡ್ಡಮ್ಮನವರ ಹಳ್ಳಿಯನ್ನು ತಲುಪಿದಾಗ ಹನ್ನೊಂದು ಗಂಟೆ. ತೊಟ್ಟಿಮನೆಯ ಮುಂಭಾಗವನ್ನು ಉಳಿಸಿಕೊಂಡು ಹಿಂದಕ್ಕೆ ತಾರಸಿ ಹಾಕಿದ ಮನೆ. ಅದರ ದಕ್ಷಿಣಕ್ಕೆ ಗೋಡೆಗೆ ಸಮೀಪದಲ್ಲಿಯೇ ಮೂರು ತೆಂಗಿನ ಮರ. ತಮ್ಮನು ಹುಟ್ಟಿದ ವರ್ಷ ನಮ್ಮ ದೊಡ್ಡಪ್ಪನವರು ನೆಟ್ಟವು. ದೊಡ್ಡಪ್ಪನವರು ತೀರಿಕೊಂಡು ಬಹಳ ವರ್ಷವಾಯಿತು. ಮದ್ದೂರಿನ ಎಳನೀರಿನ ಮಾರುಕಟ್ಟೆಯ ಹೆಸರು ವಾಚಕರೂ ಕೇಳಿರಬಹುದು. ಆ ಸೀಮೆಯಲ್ಲಿ ತೆಂಗಿನ ಮರವೆಂದರೆ ಬರಿಯ ಮರವಲ್ಲ, ಕೈಹಿಡಿಯುವ ಮಗ.

ತಮ್ಮನು ನಮ್ಮನ್ನು ನೇರವಾಗಿ ತಾರಸಿಗೆ ಕರೆದೊಯ್ದನು. ಹಾಕುವವರು ತಾರಸಿಯ ದಕ್ಷಿಣದ ಅಂಚಿನಲ್ಲಿ ಆರು ಫಲಕಗಳಿಗೆ ಸುಣ್ಣದ ಗುರುತು ಮಾಡಿ ಹೋಗಿದ್ದರು. ನಡುಹಗಲಾಯಿತು. ಗುರುತಿನ ಮೇಲೆ ಎಲ್ಲಿಯೂ ನೆರಳಿಲ್ಲ. ಮೂರು ಮರಗಳ ನೆರಳೂ ಅವುಗಳ ಬುಡದಲ್ಲಿಯೇ ಬಿದ್ದಿತ್ತು. “ನೋಡಿ ಅಣ್ಣ, ಎಲ್ಲೈತೆ ನೆಳ್ಳು?” ಎಂದನು ತಮ್ಮ. ನಿಜಕ್ಕೂ ನಮಗೂ ದೊಡ್ಡಮ್ಮನವರದು ಬರಿಯ ಹಟವೆಂದೇ ತೋರಿತು.

ಅಷ್ಟರಲ್ಲಿ ದೊಡ್ಡಮ್ಮನವರು ಮಂಡಿಯ ಮೇಲೆ ಕೈಯೂರುತ್ತ ಮೆಟ್ಟಿಲು ಹತ್ತಿ ಬಂದರು. ಮೊರದಲ್ಲಿ ಸಂಡಿಗೆ. “ಬೇಸ್ಗೇಲಿ ಬಂದು ನೆಳ್ಳು ಹುಡುಕುದ್ರೆ ಸಿಕ್ಕಾತಾ ಮಗ? ಧನುರ್ಮಾಸದಲ್ಲಿ ಬಂದು ನೋಡು. ಅವರೆಕಾಳು ಒಣಗಾಕೋಕೆ ನಾನು ಈ ಕಡೀಗೆ ಬರಾಕಿಲ್ಲ. ಇಲ್ಲಿಂದ ಇಲ್ಲೀಗಂಟ ಮರದ ನೆಳ್ಳೇ. ನಲವತ್ತು ವರ್ಸ ಇದೇ ತಾರ್ಸಿ ಮ್ಯಾಲೆ ಒಣಗಾಕಿದೀನಿ, ನಂಗೊತ್ತಿಲ್ವಾ?” ಎಂದು ಹೇಳಿ, ಬರಿಗಾಲಿನಿಂದ ತಾರಸಿಯ ಮೇಲೆ ಒಂದು ಗೆರೆಯನ್ನು ಎಳೆದು ತೋರಿಸಿದರು. ಗೆರೆ ತಾರಸಿಯ ನಡುವಿಗೂ ಆಚೆ ಇತ್ತು.

ನಾವು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಡಿಸೆಂಬರಿನ ಕೊನೆಯ ಹೊತ್ತಿಗೆ ಸೂರ್ಯನು ಭೂಮಧ್ಯರೇಖೆಗೆ ದಕ್ಷಿಣಕ್ಕೆ ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ಜಾರಿರುತ್ತಾನೆ. ಆಗ ಮದ್ದೂರಿನಲ್ಲಿ ನಡುಹಗಲಲ್ಲಿಯೂ ಸೂರ್ಯನ ಎತ್ತರ 54 ಡಿಗ್ರಿ ಮಾತ್ರ. ತಾರಸಿಯ ಮಟ್ಟದಿಂದ 50 ಅಡಿ ಮೇಲಕ್ಕೆದ್ದ ಮರದ ನೆರಳು ಆ ಹೊತ್ತಿನಲ್ಲಿ ಉತ್ತರಕ್ಕೆ 36 ಅಡಿ ಚಾಚುತ್ತದೆ. ದೊಡ್ಡಮ್ಮನವರ ಕಾಲಿನ ಗೆರೆಯನ್ನು ಹಗ್ಗ ಹಿಡಿದು ಅಳೆದೆವು. ನಮ್ಮ ಲೆಕ್ಕಕ್ಕೂ ಅವರ ಗೆರೆಗೂ ಒಂದು ಮೊಳದ ಅಂತರವೂ ಇರಲಿಲ್ಲ. ಏಪ್ರಿಲಿನಲ್ಲಿ ಬಂದು ಅಳೆದವರು ವರ್ಷದಲ್ಲಿ ನೆರಳೇ ಬೀಳದ ದಿನಗಳನ್ನು ನೋಡಿ ಹೋಗಿದ್ದರು. ಸಾಲದುದಕ್ಕೆ, ಫಲಕಗಳನ್ನು ಒಂದಕ್ಕೊಂದು ಸರಪಣಿಯಾಗಿ ಜೋಡಿಸಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಮಿಕ್ಕವುಗಳ ಹುಟ್ಟುವಳಿ ಕುಗ್ಗುವುದು; ನಾಲೆಯ ಒಂದೆಡೆ ಮಣ್ಣು ಕುಸಿದರೆ ಕೆಳಗಿನ ಗದ್ದೆಗಳಿಗೆಲ್ಲ ನೀರು ಸಣ್ಣಗಾಗುವಂತೆ. ಈಚಿನ ಫಲಕಗಳಲ್ಲಿ ಇದಕ್ಕೆ ಒಂದಿಷ್ಟು ಪರಿಹಾರವನ್ನು ಒಳಗೇ ಇಟ್ಟಿರುತ್ತಾರಾದರೂ ನಷ್ಟ ಪೂರ್ತಿಯಾಗಿ ತಪ್ಪುವುದಿಲ್ಲ.

ತಮ್ಮನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ಹಂಗಾದ್ರೆ ಮರ...” ಎಂದು ಮೆಲ್ಲಗೆ ಆರಂಭಿಸಿದನು. ದೊಡ್ಡಮ್ಮನವರು ಉತ್ತರ ಹೇಳಲಿಲ್ಲ. ಮೊರವನ್ನು ಕೆಳಗಿಟ್ಟು ಸಂಡಿಗೆಯನ್ನು ಒಂದೊಂದಾಗಿ ಹರಡತೊಡಗಿದರು. ನಮಗೂ ಏನು ಹೇಳುವುದಕ್ಕೂ ತೋಚಲಿಲ್ಲ. ಫಲಕಗಳನ್ನು ತಾರಸಿಯ ಉತ್ತರದ ಭಾಗಕ್ಕೆ ಸರಿಸಬಹುದಿತ್ತು. ಆದರೆ ಚಳಿಗಾಲದಲ್ಲಿ ಬಿಸಿಲು ನಿಲ್ಲುವ ಆ ಜಾಗವೇ ದೊಡ್ಡಮ್ಮನವರ ಅವರೆಕಾಳು, ಹುರುಳಿ, ಕೊಬ್ಬರಿಗಳ ಜಾಗ. ಅಲ್ಲಿ ಫಲಕ ಬಂದರೆ ಅದರ ಅಡಿಯಲ್ಲಿ ಒಣಗಿಸುವಂತಿಲ್ಲ. ಇದನ್ನು ಬಿಟ್ಟುಕೊಡಿ ಎಂದು ಕೇಳುವುದಕ್ಕೆ ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಊಟವಾದ ಮೇಲೆ ಅವರೇ ಆ ಮಾತೆತ್ತಿದರು: “ಬೇಸ್ಗೆ ಹಪ್ಪಳ ಸಂಡಿಗೆಗೆ ತೆಂಕಲ ಕಡೆ ಆಯ್ತದೆ. ಬಡಗಲ ಕಡೆ ನಿಮ್ಮ ಸೋಲಾರು ಹಾಕ್ಕಳಿ. ಅವರೆಕಾಳಿಗೆ ನಂಗೆ ನಾಲ್ಕು ಮೊಳ ಬಿಟ್ರೆ ಸಾಕು.” ಮರದ ವಿಚಾರವನ್ನು ಮತ್ತಾರೂ ಎತ್ತಲಿಲ್ಲ.

ಮೂರನೆಯ ದಿನ ತಮ್ಮನ ಮೋಟಾರಿನಲ್ಲಿಯೇ ದಕ್ಷಿಣಕ್ಕೆ ಮಳವಳ್ಳಿಗೆ ಹೋದೆವು. ಹೋದಂತೆ ಹೋದಂತೆ ಹಸಿರು ತೆಳುವಾಗುತ್ತ, ಕಲ್ಲುಬಂಡೆಗಳೂ ಹೊಲಗಳೂ ಕಾಣತೊಡಗುತ್ತವೆ. ನಾಲೆಯ ಕೊನೆಯ ಭಾಗದ ರೈತರ ದೂರು ಹಳೆಯದು: ಮೇಲಿನವರಿಗೆ ಸಾಕಾಗಿ ಮಿಕ್ಕರೆ ತಮಗೆ. 2023ರ ಮಳೆಗಾಲ ಕೈಕೊಟ್ಟಾಗ 124.80 ಅಡಿಯ ಕೃಷ್ಣರಾಜಸಾಗರದಲ್ಲಿ ಸೆಪ್ಟೆಂಬರ್ ತಿಂಗಳಿನಲ್ಲಿ ನೀರು ನೂರು ಅಡಿಗಿಂತ ಕೆಳಗಿತ್ತು. ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ಬಂದ್ ನಡೆದದ್ದು ಆಗಲೇ. ಅಕ್ಟೋಬರಿನಲ್ಲಿ ರಾಜ್ಯಕ್ಕೆಲ್ಲ ವಿದ್ಯುತ್ತಿನ ಕೊರತೆಯೂ ಬಂದಿತು. ಮಳೆಯಿಲ್ಲದ ವರ್ಷದಲ್ಲಿ ನೀರು, ವಿದ್ಯುತ್ತು ಎರಡೂ ಒಟ್ಟಿಗೇ ಬತ್ತಿದವು. ಬತ್ತದೆ ಇದ್ದುದು ಬಿಸಿಲೊಂದೇ.

ಮಳವಳ್ಳಿಯ ಆಚೆ ನಮ್ಮ ಸ್ನೇಹಿತರೊಬ್ಬರು ತಮ್ಮ ಕೊಳವೆಬಾವಿಗೆ ಬಿಸಿಲಿನ ಪಂಪನ್ನು ಹಾಕಿಸಿದ್ದಾರೆ. ಮೊದಲು ಅವರ ಹೊಲಕ್ಕೆ ಮೂರು ಫೇಸಿನ ವಿದ್ಯುತ್ತು ಬರುತ್ತಿದ್ದುದು ಬಹಳ ದಿನ ರಾತ್ರಿಯಲ್ಲಿ. ಟಾರ್ಚು ಹಿಡಿದು ಹಾವಿನ ಭಯದಲ್ಲಿ ಬದುವಿನ ಮೇಲೆ ನಡೆಯಬೇಕಾಗಿತ್ತು. ಅವರ ಮನೆಯವರು ಅಂದದ್ದಿಷ್ಟೆ: “ಈಗ ನಮ್ಮ ಯಜಮಾನ್ರು ರಾತ್ರಿ ಮನೇಲಿ ಮಲಗ್ತಾರೆ.” ಬೇರೆ ಯಾವ ಲಾಭವನ್ನೂ ಆಕೆ ಹೇಳಲಿಲ್ಲ. ಒಂದು ಅಂಜಿಕೆ ಮಾತ್ರ ನಮಗುಂಟು. ಬಿಸಿಲಿಗೆ ಕಾಸಿಲ್ಲ, ಆದ್ದರಿಂದ ಬೆಳಗಿನಿಂದ ಸಂಜೆಯವರೆಗೂ ಪಂಪು ಓಡುತ್ತಿದ್ದರೆ ಕೇಳುವವರಿಲ್ಲ, ಅಂತರ್ಜಲ ಬರಿದಾಗಲು ಹೊತ್ತು ಬೇಡ. ಮಿಕ್ಕ ವಿದ್ಯುತ್ತನ್ನು ರೈತರಿಂದ ಕೊಂಡುಕೊಂಡರೆ ನೀರು ಉಳಿದೀತೆಂಬ ಉದ್ದೇಶದಿಂದ ರಾಜ್ಯ ಸರ್ಕಾರವು 2014ರಲ್ಲಿ ಸೂರ್ಯ ರೈತ ಎಂಬ ಯೋಜನೆಯನ್ನು ತಂದು, ನೆರೆಯ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ನೂರಾರು ಪಂಪುಗಳ ಮೇಲೆ ಪ್ರಯೋಗ ಮಾಡಿತು. ಮಾರುವುದಕ್ಕೆ ಯೋಗ್ಯವಾದ ಬೆಲೆ ಸಿಕ್ಕಿದರೆ ರೈತನೇ ಪಂಪನ್ನು ನಿಲ್ಲಿಸುವನು ಎಂಬ ಆ ಯೋಚನೆ ಒಳ್ಳೆಯದೆಂದೇ ನಮಗೆ ತೋರುತ್ತದೆ. ಪಾವಗಡದಲ್ಲಿ ಸುಮಾರು 13,000 ಎಕರೆಯನ್ನು ಗೇಣಿಗೆ ಪಡೆದು 2,050 ಮೆಗಾವಾಟಿನ ಸೌರವನವನ್ನೇ ಮಾಡಿದ್ದಾರೆ. ಅಲ್ಲಿನದು ಮಳೆಯೇ ಕಾಣದ ಭೂಮಿ. ಮಂಡ್ಯದ ಗದ್ದೆಬಯಲನ್ನು ಹಾಗೆ ಮುಚ್ಚುವುದು ಯಾರಿಗೂ ಒಪ್ಪದು. ಇಲ್ಲಿ ಫಲಕಕ್ಕೆ ಜಾಗವೆಂದರೆ ತಾರಸಿ, ಕೊಟ್ಟಿಗೆಯ ಮಾಡು, ಮಳವಳ್ಳಿಯ ಕಲ್ಲುಭೂಮಿ.

ಸಂಜೆಗೆ ಶಿವನಸಮುದ್ರ. ಏಪ್ರಿಲಿನಲ್ಲಿ ಗಗನಚುಕ್ಕಿಯನ್ನು ನೋಡಲು ಬಂದವರಿಗೆ ನಿರಾಶೆಯೇ ಗತಿ. ಬಂಡೆಯ ಮೇಲೆ ನಾಲ್ಕಾರು ಎಳೆ ನೀರು, ಅಷ್ಟೆ. ಇದೇ ಸ್ಥಳದಿಂದ 1902ನೆಯ ಇಸವಿ ಜೂನ್ 30ರಂದು ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಅದನ್ನು ಕಾಣದೆ 1901ರಲ್ಲಿಯೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಿಗೆ ಇಲ್ಲಿಯ ಬೆಳಕು ಬಂದದ್ದು 1905ರ ಆಗಸ್ಟಿನಲ್ಲಿ. ಬೇಸಿಗೆಯಲ್ಲಿ ಹೀಗೆಯೇ ನದಿ ಸಣ್ಣಗಾಗಿ ಗಣಿಗಳಿಗೆ ಒಪ್ಪಿದಷ್ಟು ವಿದ್ಯುತ್ತನ್ನು ಕೊಡುವುದು ಕಷ್ಟವಾದುದೂ ಕನ್ನಂಬಾಡಿಯ ಕಟ್ಟೆಯನ್ನು ಕಟ್ಟುವುದಕ್ಕೆ ಒಂದು ಕಾರಣ. ಗಣಿಗಳು 2001ರಲ್ಲಿ ಮುಚ್ಚಿದವು, ವಿದ್ಯುದಾಗಾರ ನಿಂತಿಲ್ಲ.

ಈ ಜಲವಿದ್ಯುತ್ತಿನ ನೆರೆಯಲ್ಲಿಯೇ ಶಿಂಷಾದ ಬಳಿ ಕರ್ನಾಟಕ ವಿದ್ಯುತ್ ನಿಗಮದವರು 2012ರ ಸುಮಾರಿನಲ್ಲಿ 5 ಮೆಗಾವಾಟಿನ ಸೌರಸ್ಥಾವರವನ್ನು ಸ್ಥಾಪಿಸಿದರು. 1902ರಲ್ಲಿ ಶಿವನಸಮುದ್ರದ ಮೊದಲ ಯಂತ್ರಗಳ ಬಲ 4 ಮೆಗಾವಾಟಿಗೆ ಸ್ವಲ್ಪ ಮೇಲೆ. ಹೆಸರಿನ ಲೆಕ್ಕದಲ್ಲಿ ಸೂರ್ಯನು ಮುಂದೆ. ಆದರೆ ನೀರು ಸಾಕಷ್ಟಿದ್ದರೆ ಆ ಯಂತ್ರಗಳು ಇರುಳು ಹಗಲು ತಿರುಗಿ ದಿನಕ್ಕೆ ಲಕ್ಷ ಯೂನಿಟ್ಟು ಕೊಡಬಲ್ಲವಾಗಿದ್ದವು; 5 ಮೆಗಾವಾಟಿನ ಫಲಕಗಳಿಂದ ಬರುವುದು ದಿನಕ್ಕೆ 20,000ದ ಆಸುಪಾಸು, ಅದೂ ಹಗಲಿನಲ್ಲಿ ಮಾತ್ರ. ತಮ್ಮನು ಇದನ್ನು ಕೇಳಿ, “ಹಂಗಾದ್ರೆ ನೀರೇ ಮೇಲು” ಎಂದನು. ಎದುರಿಗೆ ಬಂಡೆಯ ಮೇಲಿನ ಎಳೆನೀರನ್ನು ತೋರಿಸಿದೆವು. ಅವನೂ ನಕ್ಕನು. ಜುಲೈಯಲ್ಲಿ ಫಲಕ ಸೊರಗುವಾಗ ಈ ಬಂಡೆ ಕಾಣದಷ್ಟು ನೀರು ಧುಮುಕುತ್ತದೆ. ಮಾರ್ಚಿಯಲ್ಲಿ ನೀರು ಸೊರಗುವಾಗ ಫಲಕಕ್ಕೆ ಸುಗ್ಗಿ. ಅಕ್ಕನ ಹಾಲಿನ ಲೆಕ್ಕದ ಪುಸ್ತಕವನ್ನೂ ಗಗನಚುಕ್ಕಿಯನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಇದು ತಾನಾಗಿ ತಿಳಿಯುವುದು.

ಕಳೆದ ಧನುರ್ಮಾಸದಲ್ಲಿ ತಮ್ಮನು ಒಂದು ಚಿತ್ರವನ್ನು ಕಳುಹಿಸಿದನು. ತಾರಸಿಯ ಬಡಗಲಲ್ಲಿ ಆರು ಫಲಕ. ಮೂರು ಮರಗಳ ನೆರಳು ಅವುಗಳಿಗೆ ಎರಡು ಮೊಳ ಈಚೆಯೇ ನಿಂತಿದೆ. ಪಕ್ಕದಲ್ಲಿ ಬಿಟ್ಟ ನಾಲ್ಕು ಮೊಳದ ಬಿಸಿಲಿನಲ್ಲಿ ಅವರೆಕಾಳು ಹರಡಿದೆ, ಅದರ ಮುಂದೆ ಕಾಗೆ ಓಡಿಸುವ ಕೋಲು ಹಿಡಿದು ದೊಡ್ಡಮ್ಮನವರು ಕುಳಿತಿದ್ದಾರೆ.